ಹೊಸ ವರ್ತಕನೂ ವಿಶ್ವಾಸದ ಹೊರೆಯೂ

ವ್ಯಾಪಾರಕ್ಕೆ ಹಣವೇ ಮೂಲ ಬಂಡವಾಳವೆಂದು ಲೋಕದಲ್ಲಿ ಭಾವಿಸಲಾಗುತ್ತದೆ. ಆದರೆ ಹಣಕ್ಕಿಂತ ಮೊದಲು ಬೇಕಾದ ಬಂಡವಾಳ ಬೇರೊಂದಿದೆ, ಅದು ವಿಶ್ವಾಸ. ಹಣವನ್ನು ಸಾಲವಾಗಿ ತರಬಹುದು. ವಿಶ್ವಾಸವನ್ನಾದರೋ ವರ್ತಕನು ತನ್ನ ನಡತೆಯಿಂದ ದಿನದಿನವೂ ಗಳಿಸಬೇಕು. ಹಾಗೆ ಗಳಿಸಲು ಅವನಿಗೆ ವ್ಯವಹರಿಸುವ ಅವಕಾಶ ದೊರೆಯಬೇಕು; ಆ ಅವಕಾಶ ದೊರೆಯಬೇಕಾದರೆ ಜನರು ಅವನನ್ನು ಮೊದಲೇ ನಂಬಿರಬೇಕು. ಹೊಸದಾಗಿ ವ್ಯಾಪಾರಕ್ಕಿಳಿದವನ ಸಂಕಟವೆಲ್ಲವೂ ಈ ಸುಳಿಯಲ್ಲಿಯೇ ಅಡಗಿದೆ.

ಹಿಂದಿನ ಪೇಟೆಬೀದಿಯಲ್ಲಿ ಈ ಸುಳಿಯನ್ನು ದಾಟಲು ಒಂದು ದಾರಿಯಿತ್ತು. ಹೊಸ ಅಂಗಡಿಯಿಟ್ಟವನ ಬೆನ್ನ ಹಿಂದೆ ಯಾರಾದರೊಬ್ಬ ಹಿರಿಯರು ನಿಂತಿರುತ್ತಿದ್ದರು. ಇಂಥವರ ಅಳಿಯ, ಇಂಥ ಅಡತ್ ಅಂಗಡಿಯಲ್ಲಿ ಹತ್ತು ವರ್ಷ ಗುಮಾಸ್ತನಾಗಿದ್ದವನು ಎಂಬ ಒಂದು ಮಾತೇ ಅವನಿಗೆ ಜಾಮೀನಾಗುತ್ತಿತ್ತು. ತೂಕದಲ್ಲಿ ಕಡಮೆಯಾದರೆ ಮರುದಿನ ಬಂದು ಕೇಳಲು ಅಂಗಡಿಯೂ ಅಲ್ಲಿಯೇ ಇರುತ್ತಿತ್ತು, ಅಂಗಡಿಯವನೂ ಅಲ್ಲಿಯೇ ಇರುತ್ತಿದ್ದನು. ಇಂದಿನ ಆನ್‌ಲೈನ್ ಪೇಟೆಯಲ್ಲಿ ಈ ಎರಡೂ ಇಲ್ಲ. ಕೊಳ್ಳುವವನು ಚಿತ್ರವನ್ನು ನೋಡುತ್ತಾನೆ, ವಸ್ತುವನ್ನಲ್ಲ. ಹೆಸರನ್ನು ಓದುತ್ತಾನೆ, ಮನುಷ್ಯನನ್ನಲ್ಲ. ಇಂತಹ ಪೇಟೆಗೆ ಪ್ರತಿದಿನವೂ ಹೊಸ ಹೊಸ ಮಾರಾಟಗಾರರು ಪ್ರವೇಶಿಸುತ್ತಿದ್ದಾರೆ. ಅವರಲ್ಲಿ ಬಹುಮಂದಿ ದುಡಿದು ಉಣ್ಣಲು ಬಂದವರು; ಕೆಲವರು ವಂಚಿಸಲೆಂದೇ ಬಂದವರು. ಹೊರನೋಟಕ್ಕೆ ಇಬ್ಬರೂ ಒಂದೇ ರೀತಿ ತೋರುತ್ತಾರೆ.

ಆದುದರಿಂದ ಇಲ್ಲಿ ಏಳುವುದು ಕೇವಲ ವ್ಯವಸ್ಥೆಯ ಪ್ರಶ್ನೆಯಲ್ಲ, ನೀತಿಯ ಪ್ರಶ್ನೆ. ಅಪರಿಚಿತನನ್ನು ನಂಬಿದರೆ ಮೋಸಹೋಗುವ ಅಪಾಯವಿದೆ. ನಂಬದಿದ್ದರೆ ನಿರಪರಾಧಿಗೆ ಅನ್ಯಾಯ ಮಾಡುವ ಅಪಾಯವಿದೆ. ಈ ಎರಡು ಅಪಾಯಗಳ ಹೊರೆಯನ್ನು ಯಾರು ಹೊರತಕ್ಕುದು?

ಕಲ್ಲು ಬೆರೆತ ಅಕ್ಕಿ

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಒಬ್ಬ ನೇಕಾರ ಮಹಿಳೆ ತನ್ನ ಮನೆಯ ಕೈಮಗ್ಗದ ಸೀರೆಗಳನ್ನು ಆನ್‌ಲೈನ್ ಪೇಟೆಯಲ್ಲಿ ಮಾರಲು ಮೊದಲ ಬಾರಿಗೆ ಹೆಸರು ನೋಂದಾಯಿಸುತ್ತಾಳೆ. ಇಳಕಲ್ ಸೀರೆಯ ಒಡಲಿನ ಎಳೆಗಳನ್ನೂ ರೇಷ್ಮೆಯ ಸೆರಗಿನ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವುದು ಶ್ರಮದ ಕೆಲಸ. ಅವಳ ಸೀರೆಯ ಪಕ್ಕದಲ್ಲಿಯೇ ವಿದ್ಯುತ್ ಮಗ್ಗದಲ್ಲಿ ನೇಯ್ದ ಅನುಕರಣೆಯ ಸೀರೆಯ ಚಿತ್ರವೂ ಅದೇ ಹೆಸರಿನಲ್ಲಿ, ಅರ್ಧಬೆಲೆಗೆ ಕಾಣಿಸುತ್ತದೆ. ಕೈಯಲ್ಲಿ ಹಿಡಿದು ನೋಡಿದರೆ ತಿಳಿದವರು ವ್ಯತ್ಯಾಸವನ್ನು ಗುರುತಿಸಬಲ್ಲರು. ಚಿತ್ರದಲ್ಲಿ ಅದು ಸಾಧ್ಯವಿಲ್ಲ. ಕೊಳ್ಳುವವಳು ಯಾವುದನ್ನೂ ಪೂರ್ತಿ ನಂಬಲಾರದೆ ಕಡಮೆ ಬೆಲೆಯದನ್ನೇ ಆರಿಸುತ್ತಾಳೆ. ಕೆಲವು ತಿಂಗಳು ಕಾದು, ನಿಜವಾದ ನೇಕಾರಳು ಪೇಟೆಯಿಂದ ಹಿಂದೆ ಸರಿಯುತ್ತಾಳೆ. ಅನುಕರಣೆ ಉಳಿಯುತ್ತದೆ.

ಇದು ಕಲ್ಪಿತ ದೃಷ್ಟಾಂತವಾದರೂ ಇದರ ಹಿಂದಿರುವ ನಿಯಮವು ಕಲ್ಪಿತವಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಅವರು 1970ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ ಇದನ್ನು ಸ್ಪಷ್ಟವಾಗಿ ನಿರೂಪಿಸಿದರು. ಹಳೆಯ ಮೋಟಾರು ಕಾರುಗಳ ಮಾರಾಟವು ಅವರ ಮುಖ್ಯ ಉದಾಹರಣೆ. ಸರಕಿನ ದೋಷವನ್ನು ಮಾರುವವನು ಮಾತ್ರ ಬಲ್ಲವನಾಗಿ, ಕೊಳ್ಳುವವನು ಅರಿಯದವನಾದಾಗ, ಕೊಳ್ಳುವವನು ಸರಾಸರಿ ಬೆಲೆಯನ್ನಷ್ಟೇ ಕೊಡಲು ಒಪ್ಪುತ್ತಾನೆ. ಆ ಬೆಲೆಗೆ ಒಳ್ಳೆಯ ಸರಕಿನವನು ಮಾರಲಾರನು. ಹೀಗೆ ಕೆಟ್ಟ ಸರಕು ಒಳ್ಳೆಯದನ್ನು ಪೇಟೆಯಿಂದಲೇ ಹೊರಗಟ್ಟುತ್ತದೆ. ಪ್ರಬಂಧಕ್ಕೆ ಮುಂಚೆ ಒಂದು ವರ್ಷವನ್ನು ಭಾರತದಲ್ಲಿ ಕಳೆದಿದ್ದ ಅಕರ್ಲಾಫ್ ಅವರು, ಅಕ್ಕಿಗೆ ಅದೇ ಬಣ್ಣದ, ಅದೇ ಆಕಾರದ ಕಲ್ಲನ್ನು ಬೇಕೆಂದೇ ಬೆರೆಸುವುದನ್ನೂ ಇಲ್ಲಿನ ಗೃಹಿಣಿಯರು ಅದನ್ನು ಆರಿಸುತ್ತ ಕುಳಿತುಕೊಳ್ಳಬೇಕಾಗುವುದನ್ನೂ ಅದರಲ್ಲಿ ಉಲ್ಲೇಖಿಸಿದ್ದಾರೆ. 2001ರಲ್ಲಿ ಅವರಿಗೆ ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕವು ದೊರೆಯಿತು.

ಮೊರದಲ್ಲಿ ಅಕ್ಕಿ ಆರಿಸಿದ ತಾಯಂದಿರಿಗೆ ಈ ಸಿದ್ಧಾಂತವನ್ನು ವಿವರಿಸಬೇಕಾಗಿಲ್ಲ. ವಂಚಕನು ಕದಿಯುವುದು ಒಬ್ಬ ಗ್ರಾಹಕನ ಹಣವನ್ನು ಮಾತ್ರವಲ್ಲ. ಪ್ರತಿ ಮನೆಯಲ್ಲಿ ಕಲ್ಲು ಆರಿಸಲು ವ್ಯಯವಾಗುವ ಸಮಯವನ್ನು ಕದಿಯುತ್ತಾನೆ. ಕಲ್ಲು ಬೆರೆಸದ ವರ್ತಕನಿಗೆ ಸಲ್ಲಬೇಕಾದ ಬೆಲೆಯನ್ನೂ ಕದಿಯುತ್ತಾನೆ.

ಮಂಗಳೂರಿಗೆ ಬಂದ ಪತ್ರಗಳು

ದೂರದ ಅಪರಿಚಿತರೊಡನೆ ವ್ಯವಹರಿಸುವ ಕಷ್ಟವು ಅಂತರ್ಜಾಲದೊಡನೆ ಹುಟ್ಟಿದುದಲ್ಲ. ಐಹೊಳೆಯನ್ನು ಕೇಂದ್ರವಾಗಿಸಿಕೊಂಡು ಬೆಳೆದ ಅಯ್ಯಾವೊಳೆ ಐನೂರ್ವರ ವರ್ತಕಸಂಘವು ದಕ್ಷಿಣ ಭಾರತದಾದ್ಯಂತ ವ್ಯಾಪಿಸಿದ್ದಿತು. ಶಾಸನಗಳು ಈ ವರ್ತಕರ ವೀರಬಣಂಜು ಧರ್ಮವನ್ನು ಹೆಸರಿಸಿ ಹೊಗಳುತ್ತವೆ. ಸಂಘದ ಹೆಸರೇ ಅದರ ಸದಸ್ಯನಿಗೆ ಪರಸ್ಥಳದಲ್ಲಿ ಗುರುತಾಗುತ್ತಿತ್ತು.

ಇನ್ನೊಂದು ನಿದರ್ಶನವು ಕರಾವಳಿಗೆ ಸೇರಿದ್ದು. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ, ಟ್ಯುನೀಸಿಯಾ ಮೂಲದ ಯೆಹೂದಿ ವರ್ತಕನು ಮಂಗಳೂರಿನಲ್ಲಿ ಹಲವು ವರ್ಷ ನೆಲೆಸಿ ಮೆಣಸು, ಏಲಕ್ಕಿ, ಕಬ್ಬಿಣ ಮೊದಲಾದ ಸರಕುಗಳನ್ನು ಏಡನ್ನಿಗೆ ಕಳುಹಿಸುತ್ತಿದ್ದನು. ಅವನಿಗೆ ಬಂದ ಪತ್ರಗಳು ಹಳೆಯ ಕೈರೋ ನಗರದ ಪ್ರಾರ್ಥನಾ ಮಂದಿರವೊಂದರ ಕೊಠಡಿಯಲ್ಲಿ ಶತಮಾನಗಳ ಕಾಲ ಉಳಿದಿದ್ದು ಬೆಳಕಿಗೆ ಬಂದಿವೆ. ಲೇಖಕ ಅಮಿತಾವ್ ಘೋಷ್ ಅವರು 1992ರ ತಮ್ಮ ಕೃತಿಯಲ್ಲಿ ಇವನ ಕಥೆಯನ್ನು ಹೇಳಿದ್ದಾರೆ. ಏಲಕ್ಕಿಗೆಂದು ಮುಂಗಡ ಹಣ ಪಡೆದ ಸ್ಥಳೀಯ ಮಧ್ಯವರ್ತಿಯೊಬ್ಬನು ಸರಕನ್ನು ಒಪ್ಪಿಸದೆ ಹೋದ ವಿಷಯವೂ ಈ ಪತ್ರಗಳಲ್ಲಿ ಬರುತ್ತದೆ. ಸಮುದ್ರದಾಚೆಯ ಸ್ನೇಹಿತರು ಸೈನ್ಯವನ್ನು ಕಳುಹಿಸುವಂತಿರಲಿಲ್ಲ. ಅವನ ಹೆಸರು ವರ್ತಕರ ನಡುವೆ ಕೆಡುವುದೆಂದು ಎಚ್ಚರಿಸುವುದೊಂದೇ ಅವರ ಕೈಲಿದ್ದ ಉಪಾಯ.

ಇದಕ್ಕೂ ಒಂದು ಶತಮಾನದ ಹಿಂದೆ, ಉತ್ತರ ಆಫ್ರಿಕದ ಮಗ್ರಿಬಿ ವರ್ತಕರು ಇದೇ ಉಪಾಯವನ್ನು ಆಶ್ರಯಿಸಿದ್ದರೆಂದು ಅರ್ಥಶಾಸ್ತ್ರಜ್ಞ ಅವ್ನರ್ ಗ್ರೈಫ್ ಅವರು ತೋರಿಸಿದ್ದಾರೆ. ಒಬ್ಬನಿಗೆ ಮೋಸ ಮಾಡಿದ ಗುಮಾಸ್ತನನ್ನು ಉಳಿದವರಾರೂ ಕೆಲಸಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ. ಸುದ್ದಿಯೇ ಅವರ ನ್ಯಾಯಾಲಯವಾಗಿದ್ದಿತು.

ಈ ಪದ್ಧತಿಯ ಗುಣವನ್ನು ಒಪ್ಪುವಾಗ ಅದರ ದೋಷವನ್ನೂ ಕಾಣಬೇಕು. ಒಳಗಿನವರಿಗೆ ಅದು ಕೋಟೆ. ಹೊರಗಿನವನಿಗೆ ಅದು ಗೋಡೆ. ವರ್ತಕ ಸಮುದಾಯಗಳೆಲ್ಲವೂ ತಮ್ಮವರೊಳಗಿನ ನಂಬಿಕೆಯ ಬಲದಿಂದಲೇ ಬೆಳೆದವು. ತಮ್ಮವನ ಮಗನಿಗೆ ಬಾಯಿಮಾತಿನ ಮೇಲೆ ಉದ್ರಿ ಸಿಕ್ಕಿತು. ಅಷ್ಟೇ ಪ್ರಾಮಾಣಿಕನಾದ, ಆದರೆ ಯಾರ ಮಗನೂ ಅಲ್ಲದವನಿಗೆ ಅದು ಸಿಗಲಿಲ್ಲ. ಪರಿಚಯವನ್ನು ಪ್ರಾಮಾಣಿಕತೆಯೆಂದು ಎಣಿಸುವುದು ಸುಲಭವಾದ ತಪ್ಪು. ಆ ತಪ್ಪಿನಿಂದ ಲಾಭ ಪಡೆದವರಿಗೆ ಅದು ತಪ್ಪೆಂದು ತೋರುವುದೂ ವಿರಳ.

ಹೆಸರು ಬದಲಿಸುವವನ ಋಣ

1995ರ ಸೆಪ್ಟೆಂಬರ್ ತಿಂಗಳಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪಿಯರ್ ಒಮಿದ್ಯಾರ್ ಎಂಬ ಯುವಕನು ಆರಂಭಿಸಿದ, ಮುಂದೆ ಈಬೇ ಎಂದು ಪ್ರಸಿದ್ಧವಾದ ಹರಾಜುಪೇಟೆಯು ಈ ಗೋಡೆಯನ್ನು ಕೆಡವಲು ಯತ್ನಿಸಿತು. ಯಾರು ಬೇಕಾದರೂ ಮಾರಬಹುದು, ಯಾರು ಬೇಕಾದರೂ ಕೊಳ್ಳಬಹುದು. ಜಗಳಗಳು ತಲೆದೋರಿದಾಗ, 1996ರ ಫೆಬ್ರವರಿಯಲ್ಲಿ, ವ್ಯವಹಾರ ಮುಗಿದ ಮೇಲೆ ಒಬ್ಬರನ್ನೊಬ್ಬರು ಕುರಿತು ಬಹಿರಂಗವಾಗಿ ಮೆಚ್ಚುಗೆಯನ್ನೋ ದೂರನ್ನೋ ಬರೆಯುವ ಏರ್ಪಾಡು ಜಾರಿಗೆ ಬಂದಿತು. ಇಂದು ಪ್ರತಿಯೊಂದು ಆನ್‌ಲೈನ್ ಪೇಟೆಯಲ್ಲಿ ಕಾಣುವ ನಕ್ಷತ್ರಗಳ ಎಣಿಕೆಯು ಇದೇ ಜಾತಿಗೆ ಸೇರಿದ್ದು.

ಈ ಏರ್ಪಾಡು ಬಹುಮಟ್ಟಿಗೆ ಫಲಿಸಿತಾದರೂ ಎರಡು ದೋಷಗಳು ಕಾಣಿಸಿಕೊಂಡವು. ಮೊದಲನೆಯದು ಭಯ. ತಾನು ದೂರು ಬರೆದರೆ ಮಾರಿದವನು ತನ್ನ ಮೇಲೂ ದೂರು ಬರೆದಾನೆಂದು ಕೊಂಡವರು ಸುಮ್ಮನಾಗುತ್ತಿದ್ದರು. ಆದುದರಿಂದ 2008ರಲ್ಲಿ, ಮಾರುವವರು ಕೊಳ್ಳುವವರ ಮೇಲೆ ಪ್ರತಿಕೂಲ ಅಭಿಪ್ರಾಯವನ್ನು ಬರೆಯಲಾಗದಂತೆ ಈಬೇ ನಿಯಮವನ್ನು ಬದಲಿಸಿತು. ಭಯವಿರುವಲ್ಲಿ ಹೊಗಳಿಕೆಗೂ ಬೆಲೆಯಿಲ್ಲ ಎಂಬ ಪಾಠ ಇದರಲ್ಲಿದೆ.

ಎರಡನೆಯ ದೋಷವು ಇನ್ನೂ ಆಳವಾದುದು. ಅಂತರ್ಜಾಲದಲ್ಲಿ ಹೆಸರು ಬದಲಿಸುವುದು ಬಟ್ಟೆ ಬದಲಿಸುವಷ್ಟು ಸುಲಭ. ಹೆಸರು ಕೆಟ್ಟವನು ಅದನ್ನು ಕಳಚಿಟ್ಟು, ಹೊಸ ಹೆಸರಿನಲ್ಲಿ ಹೊಸಬನಂತೆ ಮರಳಿ ಬರಬಲ್ಲನು. ಎರಿಕ್ ಫ್ರೀಡ್‌ಮನ್ ಮತ್ತು ಪಾಲ್ ರೆಸ್ನಿಕ್ ಎಂಬ ವಿದ್ವಾಂಸರು 2001ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದರ ಪರಿಣಾಮವನ್ನು ವಿವೇಚಿಸಿದರು. ಹೆಸರು ಅಗ್ಗವಾದಾಗ ಹೊಸಬರೆಲ್ಲರನ್ನೂ ಶಂಕಿಸುವುದು ಪೇಟೆಗೆ ಅನಿವಾರ್ಯವಾಗುತ್ತದೆ. ಪ್ರತಿಯೊಬ್ಬ ಹೊಸಬನೂ ಪ್ರವೇಶಕ್ಕೆ ಒಂದು ಬಗೆಯ ಶುಲ್ಕವನ್ನು ತೆರಬೇಕಾಗುತ್ತದೆ. 2006ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವು ಈ ಶುಲ್ಕವನ್ನು ಅಳೆದು ತೋರಿಸಿತು. ರೆಸ್ನಿಕ್ ಮತ್ತು ಸಹೋದ್ಯೋಗಿಗಳು ಹಳೆಯ ಚಿತ್ರಪತ್ರಗಳನ್ನು ಮಾರುವ ಒಬ್ಬ ಅನುಭವಿ ವರ್ತಕನ ಸರಕನ್ನು ಸಮಾನವಾದ ಜೋಡಿಗಳಾಗಿ ವಿಂಗಡಿಸಿ, ಕೆಲವನ್ನು ಅವನ ಪ್ರಸಿದ್ಧ ಹೆಸರಿನಲ್ಲಿಯೂ ಉಳಿದವನ್ನು ಹೊಸ ಹೆಸರುಗಳಲ್ಲಿಯೂ ಈಬೇಯಲ್ಲಿ ಮಾರಿಸಿದರು. ಸರಕು ಅದೇ, ಮಾರುವವನೂ ಅವನೇ. ಆದರೂ ಹಳೆಯ ಹೆಸರಿಗೆ ಕೊಳ್ಳುವವರು ಶೇಕಡಾ 8.1ರಷ್ಟು ಹೆಚ್ಚು ಬೆಲೆ ಕೊಡಲು ಸಿದ್ಧರಾಗಿದ್ದರು.

ಈ ಶೇಕಡಾ ಎಂಟು ಯಾರ ಋಣ? ಹೊಸ ವರ್ತಕನು ಯಾರನ್ನೂ ವಂಚಿಸಿಲ್ಲ. ಅವನಿಗಿಂತ ಮುಂಚೆ ಬಂದು, ವಂಚಿಸಿ, ಹೆಸರು ಬದಲಿಸಿ ಹೋದವರು ಬಿಟ್ಟುಹೋದ ಸಂಶಯವನ್ನು ಅವನು ತನ್ನ ಲಾಭದಿಂದ ತೀರಿಸುತ್ತಿದ್ದಾನೆ. ಮಾಡಿದವನೇ ಫಲವನ್ನು ಅನುಭವಿಸಬೇಕೆಂಬುದು ಕರ್ಮದ ನಿಯಮ. ಪೇಟೆಯಲ್ಲಿ ಈ ನಿಯಮ ತಲೆಕೆಳಗಾಗಿದೆ. ಮಾಡಿದವನು ಹೊಸ ಹೆಸರಿನಲ್ಲಿ ಪಾರಾಗುತ್ತಾನೆ; ಮಾಡದವನು ಮೊದಲ ದಿನವೇ ದಂಡ ತೆರುತ್ತಾನೆ.

ನ್ಯಾಸವನ್ನು ಕಾಯುವವನು

ಹಾಗಾದರೆ ಹೊಸಬರನ್ನು ಯಾವ ಪರೀಕ್ಷೆಯೂ ಇಲ್ಲದೆ ಒಳಬಿಡಬೇಕೆ? ಅದು ಕೊಳ್ಳುವವನಿಗೆ ಮಾಡುವ ಅನ್ಯಾಯ. ಬಣ್ಣ ಬಿಡುವ ಸೀರೆಯಿಂದ ಹಣ ನಷ್ಟವಾಗುತ್ತದೆ. ಮಾನದಂಡಕ್ಕೆ ಹೊಂದದ ಪ್ರೆಶರ್ ಕುಕ್ಕರಿನಿಂದ ಪ್ರಾಣವೇ ಹೋಗಬಹುದು. ಕೊಳ್ಳುವವನ ರಕ್ಷಣೆ, ಹೊಸಬನಿಗೆ ನ್ಯಾಯ, ಈ ಎರಡರಲ್ಲಿ ಒಂದನ್ನು ಮಾತ್ರ ಹಿಡಿಯುವುದು ಏಕಾಂತ ದೃಷ್ಟಿ. ಇಬ್ಬರನ್ನೂ ಕಾಯಬಲ್ಲ ಮೂರನೆಯವನೊಬ್ಬನು ಪೇಟೆಯಲ್ಲಿದ್ದಾನೆ. ಚರ್ಚೆಯಲ್ಲಿ ಅವನು ಹಿಂದೆ ಸರಿದು ನಿಲ್ಲುವುದೇ ಹೆಚ್ಚು. ಅವನೇ ಪೇಟೆಯನ್ನು ನಡೆಸುವವನು.

ಪ್ರತಿ ಮಾರಾಟದಲ್ಲಿಯೂ ಅವನಿಗೆ ಪಾಲು ಬರುತ್ತದೆ. ಸಾವಿರಾರು ವ್ಯವಹಾರಗಳನ್ನು ಒಟ್ಟಿಗೆ ನೋಡಬಲ್ಲವನು ಅವನೊಬ್ಬನೇ. ಒಬ್ಬ ಗ್ರಾಹಕನಿಗೆ ಒಂದು ನಷ್ಟವು ದೊಡ್ಡದು. ಒಬ್ಬ ಹೊಸ ವರ್ತಕನಿಗೆ ಒಂದು ಸಂಶಯವು ಮಾರಕ. ಪೇಟೆಯವನಾದರೋ ಇವೆರಡನ್ನೂ ತನ್ನ ಸಮಸ್ತ ಆದಾಯದಲ್ಲಿ ಹಂಚಿಕೊಂಡು ತಾಳಬಲ್ಲನು. ಯಾರಿಗೆ ಲಾಭವೂ ಅರಿವೂ ಶಕ್ತಿಯೂ ಇವೆಯೋ ಹೊರೆಯೂ ಮುಖ್ಯವಾಗಿ ಅವರಿಗೇ ಸಲ್ಲುವುದು ನ್ಯಾಯ.

ಇದು ಬರಿಯ ಆಶಯವಲ್ಲ, ಆಚರಣೆಯಲ್ಲಿ ಕಂಡುದು. ಚೀನಾದಲ್ಲಿ 2003ರಲ್ಲಿ ಆರಂಭವಾದ ತಾವೊಬಾವೊ ಪೇಟೆಯಲ್ಲಿ, ಕೊಳ್ಳುವವನ ಹಣವನ್ನು ಮಧ್ಯದಲ್ಲಿ ಹಿಡಿದಿಟ್ಟು, ಸರಕು ಸರಿಯಾಗಿ ತಲುಪಿತೆಂದು ಅವನು ಒಪ್ಪಿದ ಮೇಲೆ ಮಾರಿದವನಿಗೆ ಕೊಡುವ ಕ್ರಮವನ್ನು ಜಾರಿಗೆ ತಂದರು. ಮುಂದೆ ಅಲಿಪೇ ಎಂದು ಹೆಸರಾದುದು ಇದೇ. ಅಪರಿಚಿತರಿಬ್ಬರೂ ಒಬ್ಬರನ್ನೊಬ್ಬರು ನಂಬಬೇಕಾಗಿರಲಿಲ್ಲ. ಇಬ್ಬರೂ ಮಧ್ಯಸ್ಥನನ್ನು ನಂಬಿದರೆ ಸಾಕಾಗಿತ್ತು. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಿಂದ ಮೊದಲಾದ ಫ್ಲಿಪ್‌ಕಾರ್ಟ್ 2010ರಲ್ಲಿ ಸರಕು ಮನೆಗೆ ಬಂದ ಮೇಲೆ ಹಣ ಕೊಡುವ ಕ್ರಮವನ್ನು ತಂದಾಗ, ಅಂಚೆಯ ವಿ.ಪಿ.ಪಿ. ಮೂಲಕ ಪುಸ್ತಕ ತರಿಸಿ ರೂಢಿಯಿದ್ದ ಕನ್ನಡಿಗರಿಗೆ ಅದು ಅಪರಿಚಿತವೆನಿಸಲಿಲ್ಲ. ಹೊಸಬನನ್ನು ಕುರಿತ ಸಂಶಯವನ್ನು ಕಳೆಯಲು ಅವನ ಮೇಲೆ ಶಂಕೆಯ ಮುದ್ರೆಯೊತ್ತುವುದೊಂದೇ ಮಾರ್ಗವಲ್ಲ ಎಂಬುದಕ್ಕೆ ಇವು ನಿದರ್ಶನ.

ಮಧ್ಯಸ್ಥನ ಈ ಸ್ಥಾನವನ್ನು ಪ್ರಾಚೀನ ಆಚಾರ್ಯರು ಅರಿಯದವರಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವನ್ನು, ಎಂದರೆ ಇಟ್ಟ ಠೇವಣಿಯನ್ನು ಅಪಹರಿಸುವುದನ್ನು ಹೇಳಿದೆ. ಇಟ್ಟವನು ಮರೆತು ಕಡಮೆ ಕೇಳಿದಾಗ ಹೌದು ಅಷ್ಟೇ ಎಂದು ಒಪ್ಪಿಬಿಡುವುದನ್ನೂ ವ್ಯಾಖ್ಯಾನಕಾರರು ಇದರಲ್ಲಿಯೇ ಸೇರಿಸಿದ್ದಾರೆ. ಗ್ರಾಹಕನ ಹಣವನ್ನು ಹಿಡಿದಿಟ್ಟ ಪೇಟೆಯು, ಅವನು ದೂರು ಕೊಡಲು ಮರೆತನೆಂದೋ ದೂರಿನ ದಾರಿ ತಿಳಿಯದವನೆಂದೋ ಅದನ್ನು ಉಳಿಸಿಕೊಂಡರೆ ಈ ಅತಿಚಾರಕ್ಕಿಂತ ಬೇರೆಯಾಗುವುದೆಂತು?

ಅಚೌರ್ಯಾಣುವ್ರತದ ಅತಿಚಾರಗಳಂತೂ ಪೇಟೆಯ ನಡುವೆಯೇ ಕುಳಿತು ನಿರೂಪಿಸಿದಂತಿವೆ. ಹೀನಾಧಿಕ ಮಾನೋನ್ಮಾನವು ಕೊಡುವಾಗ ಕಡಮೆ, ಕೊಳ್ಳುವಾಗ ಹೆಚ್ಚು ತೂಗುವುದು. ಪ್ರತಿರೂಪಕ ವ್ಯವಹಾರವು ಅಸಲಿನ ಹೆಸರಿನಲ್ಲಿ ನಕಲಿಯನ್ನು ಮಾರುವುದು. ವಿದ್ಯುತ್ ಮಗ್ಗದ ಸೀರೆಯನ್ನು ಕೈಮಗ್ಗದ್ದೆಂದು ಮಾರುವವನು ಮಾಡುವುದು ಇದನ್ನೇ. ಇವು ಮಾರುವವನ ದೋಷಗಳು. ಆದರೆ ಪಟ್ಟಿಯ ಆರಂಭದಲ್ಲಿರುವ ಎರಡು ದೋಷಗಳು ಅವನವಲ್ಲ. ಸ್ತೇನಪ್ರಯೋಗವೆಂದರೆ ಕಳ್ಳನನ್ನು ಪ್ರೇರಿಸುವುದು, ಅವನಿಗೆ ಅನುಮೋದನೆ ಕೊಡುವುದು. ತದಾಹೃತಾದಾನವೆಂದರೆ ಅವನು ತಂದುದನ್ನು ಸ್ವೀಕರಿಸುವುದು. ತಾನು ಕದಿಯಲಿಲ್ಲ, ಕದ್ದವನಿಗೆ ಸ್ಥಳವನ್ನಷ್ಟೇ ಕೊಟ್ಟೆ, ಅವನ ಗಳಿಕೆಯಲ್ಲಿ ದಲಾಲಿಯನ್ನಷ್ಟೇ ಪಡೆದೆ ಎಂಬ ಸಮಾಧಾನಕ್ಕೆ ಈ ಎಣಿಕೆಯಲ್ಲಿ ಎಡೆಯಿಲ್ಲ.

ಇಂದಿನ ಕಾನೂನೂ ಇದೇ ದಿಕ್ಕಿನಲ್ಲಿ ಹೆಜ್ಜೆಯಿಡುತ್ತಿದೆ. 2022ರ ಆಗಸ್ಟ್ ತಿಂಗಳಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು, ಕಡ್ಡಾಯ ಮಾನದಂಡಕ್ಕೆ ಹೊಂದದ ಪ್ರೆಶರ್ ಕುಕ್ಕರುಗಳ ಮಾರಾಟಕ್ಕೆ ಎಡೆಗೊಟ್ಟುದಕ್ಕಾಗಿ ಎರಡು ದೊಡ್ಡ ಆನ್‌ಲೈನ್ ಪೇಟೆಗಳಿಗೆ ತಲಾ ಒಂದು ಲಕ್ಷ ರೂಪಾಯಿ ದಂಡ ವಿಧಿಸಿ, ಕೊಂಡವರಿಗೆಲ್ಲ ತಿಳಿಸಿ, ಕುಕ್ಕರುಗಳನ್ನು ಹಿಂಪಡೆದು, ಹಣ ಮರಳಿಸಬೇಕೆಂದು ಆದೇಶಿಸಿತು. ಮಾರಾಟದಿಂದ ಆದಾಯ ಪಡೆಯುವವನು ಹೊಣೆಯಿಂದ ಮಾತ್ರ ದೂರ ನಿಲ್ಲಲಾಗದೆಂಬುದು ಇಂತಹ ಆದೇಶಗಳ ತಿರುಳು.

ಪರೀಕ್ಷೆಯ ಮಿತಿ

ಪೇಟೆಯವನು ಹೊಣೆ ಹೊರಬೇಕೆಂದೊಡನೆ ಅವನು ಹೊಸಬರ ಮೇಲೆ ಪರೀಕ್ಷೆಗಳ ರಾಶಿಯನ್ನೇ ಹೇರಬಹುದು. ಹೊರೆಯು ಮತ್ತೆ ದುರ್ಬಲನ ಹೆಗಲಿಗೇ ಜಾರುವುದು ಹೀಗೆಯೇ. ಆದುದರಿಂದ ಪರೀಕ್ಷೆಗೂ ಒಂದು ಧರ್ಮವಿರಬೇಕು.

ಮೊದಲನೆಯದಾಗಿ, ಪರೀಕ್ಷೆಯು ಅಪಾಯಕ್ಕೆ ತಕ್ಕಷ್ಟಿರಬೇಕು. ಆಹಾರ, ಔಷಧ, ವಿದ್ಯುತ್ ಉಪಕರಣ, ಮಕ್ಕಳ ಸಾಮಗ್ರಿ, ಇವುಗಳನ್ನು ಮಾರುವವನು ಪರವಾನಗಿಯನ್ನೂ ಮಾನದಂಡದ ಮುದ್ರೆಯನ್ನೂ ಮೊದಲೇ ತೋರಿಸಲೇಬೇಕು. ಇಲ್ಲಿ ಹೊಸಬನಿಗೆ ದಯೆ ತೋರಿಸಲು ಹೋಗಿ ಕೊಳ್ಳುವವನ ಮಗುವನ್ನು ಅಪಾಯಕ್ಕೊಡ್ಡುವುದು ಅಹಿಂಸೆಯಲ್ಲ. ಸೀರೆ, ಬುಟ್ಟಿ, ಪುಸ್ತಕಗಳ ವಿಷಯದಲ್ಲಿ ಆಗಬಹುದಾದ ನಷ್ಟವು ಹಣದ್ದು, ಹಣವನ್ನು ಮರಳಿಸಬಹುದು. ಇಲ್ಲಿ ಬಾಗಿಲನ್ನು ಅಗಲವಾಗಿ ತೆರೆದಿಟ್ಟು, ಮೊದಲ ಕೆಲವು ಮಾರಾಟಗಳ ಹಣವನ್ನು ಸ್ವಲ್ಪಕಾಲ ತಡೆಹಿಡಿದರೆ ಸಾಕು. ಆ ತಡೆಯೂ ಮಿತವಾಗಿರಬೇಕು. ನೂಲಿಗೆ ಸಾಲ ತಂದ ನೇಕಾರಳಿಗೆ ಒಂದು ತಿಂಗಳ ತಡೆ ಎಂದರೆ ಒಂದು ತಿಂಗಳ ಬಡ್ಡಿ.

ಎರಡನೆಯದಾಗಿ, ಗುರುತನ್ನು ಕೇಳುವುದು ಬೇರೆ, ಕುಲವನ್ನು ಕೇಳುವುದು ಬೇರೆ. ಹೆಸರು ಬದಲಿಸಿ ಬರುವವನನ್ನು ತಡೆಯಲು ಪೇಟೆಯು ವರ್ತಕನ ನಿಜವಾದ ಗುರುತನ್ನು ತಿಳಿದಿರಲೇಬೇಕು. ಆದರೆ ಮುಖವನ್ನೂ ಹೆಸರನ್ನೂ ಮುಂದಿಟ್ಟು ನಂಬಿಕೆ ಬೆಳೆಸಹೊರಟರೆ ಹಳೆಯ ಪೂರ್ವಗ್ರಹಗಳೂ ಅವುಗಳೊಡನೆ ಬರುತ್ತವೆ. ಮನೆಗಳನ್ನು ಬಾಡಿಗೆಗೆ ಕೊಡುವ ಏರ್‌ಬಿಎನ್‌ಬಿ ಪೇಟೆಯಲ್ಲಿ ಆತಿಥೇಯರ ಭಾವಚಿತ್ರ ಕಾಣುತ್ತಿತ್ತು. ನ್ಯೂಯಾರ್ಕ್ ನಗರದ ಮನೆಗಳನ್ನು ಕುರಿತು ಬೆಂಜಮಿನ್ ಎಡೆಲ್‌ಮನ್ ಮತ್ತು ಮೈಕೆಲ್ ಲೂಕಾ ಅವರು 2014ರಲ್ಲಿ ಹೊರತಂದ ಅಧ್ಯಯನದಂತೆ, ಸಮಾನ ಸೌಕರ್ಯದ ಮನೆಗೆ ಕರಿಯರಲ್ಲದ ಆತಿಥೇಯರು ಕರಿಯರಿಗಿಂತ ಸುಮಾರು ಶೇಕಡಾ 12ರಷ್ಟು ಹೆಚ್ಚು ಬಾಡಿಗೆ ಪಡೆಯುತ್ತಿದ್ದರು. ನಂಬಿಕೆಗೆಂದು ಇಟ್ಟ ಚಿತ್ರವೇ ಅನ್ಯಾಯಕ್ಕೆ ದಾರಿಯಾಯಿತು. ಅಡ್ಡಹೆಸರನ್ನು ಓದಿದೊಡನೆ ಜಾತಿಯನ್ನು ಊಹಿಸುವ ಸಮಾಜದಲ್ಲಿ ಈ ಎಚ್ಚರಿಕೆಯು ಇನ್ನಷ್ಟು ಅವಶ್ಯ. ಪೇಟೆಯು ತಿಳಿಯಬೇಕಾದುದನ್ನೆಲ್ಲ ಪ್ರತಿಯೊಬ್ಬ ಗ್ರಾಹಕನೂ ನೋಡಬೇಕಾಗಿಲ್ಲ. ಭಾರತದ 2020ರ ಇ-ವಾಣಿಜ್ಯ ನಿಯಮಗಳಂತೆ ಮಾರಾಟಗಾರನ ಹೆಸರು, ವಿಳಾಸ ಮೊದಲಾದ ವ್ಯವಹಾರದ ವಿವರಗಳನ್ನು ಪೇಟೆಯು ಪ್ರದರ್ಶಿಸಬೇಕು. ದೂರು ಬಂದ 48 ಗಂಟೆಗಳೊಳಗೆ ಅದನ್ನು ಸ್ವೀಕರಿಸಿದುದಾಗಿ ತಿಳಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕು. ಹೊಣೆಗಾರಿಕೆಗೆ ಅಷ್ಟು ಬೇಕು. ಅದಕ್ಕೂ ಮೀರಿದುದು ಬಹುಮಟ್ಟಿಗೆ ಕುತೂಹಲ.

ಮೂರನೆಯದಾಗಿ, ಶಂಕೆಯನ್ನು ತೀರ್ಪೆಂದು ತಿಳಿಯಬಾರದು. ಯಂತ್ರವೊಂದು ಸಂಶಯಿಸಿತೆಂದು ಹೊಸ ವರ್ತಕನ ಅಂಗಡಿಯನ್ನು ಮುಚ್ಚಿ, ಕಾರಣವನ್ನೂ ಹೇಳದೆ, ಕೇಳಲು ಒಬ್ಬ ಮನುಷ್ಯನನ್ನೂ ಇಡದೆ ಹೋದರೆ ಅದು ಸುರಕ್ಷತೆಯ ಹೆಸರಿನಲ್ಲಿ ನಡೆಯುವ ಹಿಂಸೆ. ತಪ್ಪು ಸಾಬೀತಾದವನನ್ನು ಹೊರಗಟ್ಟುವ ದಾರ್ಢ್ಯವೂ ತಪ್ಪು ಮಾಡದವನ ಮಾತನ್ನು ಕೇಳುವ ತಾಳ್ಮೆಯೂ ಒಟ್ಟಿಗಿರಬೇಕು.

ನಿಯಮವು ಬಾಗಿಲನ್ನು ಮುಚ್ಚಬಲ್ಲಂತೆ ತೆರೆಯಲೂ ಬಲ್ಲದು. ಆನ್‌ಲೈನ್ ಪೇಟೆಯಲ್ಲಿ ಸರಕು ಮಾರುವವರೆಲ್ಲರೂ ವಹಿವಾಟು ಎಷ್ಟೇ ಅಲ್ಪವಾಗಿರಲಿ ಜಿ.ಎಸ್.ಟಿ. ನೋಂದಣಿ ಮಾಡಿಸಲೇಬೇಕೆಂದು ಮೊದಲಿಗೆ ಕಡ್ಡಾಯವಿದ್ದಿತು. 2023ರ ಅಕ್ಟೋಬರ್ 1ರಿಂದ, ವಿನಾಯಿತಿಯ ಮಿತಿಯೊಳಗಿರುವ ಸಣ್ಣ ವರ್ತಕರು ಒಂದು ದಾಖಲಾತಿ ಸಂಖ್ಯೆಯನ್ನು ಪಡೆದು ತಮ್ಮ ರಾಜ್ಯದೊಳಗೆ ಮಾರಬಹುದೆಂದು ಸಡಿಲಿಸಲಾಯಿತು. ಗುರುತು ಉಳಿಯಿತು, ಹೊರೆ ಇಳಿಯಿತು. ಒಳ್ಳೆಯ ಪರೀಕ್ಷೆಯ ಲಕ್ಷಣವೇ ಇದು.

ಶ್ರಾವಕನ ಪಾಲು

ಪೇಟೆಯವನ ಹೊಣೆಯನ್ನು ಎತ್ತಿಹಿಡಿದ ಮಾತ್ರಕ್ಕೆ ಗೃಹಸ್ಥನು ನಿರಾಳವಾಗುವಂತಿಲ್ಲ. ವಿಶ್ವಾಸದ ಕಣಜಕ್ಕೆ ಪ್ರತಿ ಮನೆಯೂ ಕಾಳು ಹಾಕುತ್ತದೆ, ಇಲ್ಲವೆ ಕಲ್ಲು ಹಾಕುತ್ತದೆ.

ಮನೆಯ ಮಗನೋ ಸೊಸೆಯೋ ಆನ್‌ಲೈನ್ ವ್ಯಾಪಾರ ಆರಂಭಿಸಿದಾಗ ಬಂಧುಬಳಗದವರೆಲ್ಲ ಸೇರಿ, ಕೊಳ್ಳದ ವಸ್ತುವಿಗೂ ಐದು ನಕ್ಷತ್ರ ಕೊಟ್ಟು ಹೊಗಳಿಕೆ ಬರೆಯುವುದು ಈಗ ಪ್ರೀತಿಯ ಕಾರ್ಯವೆಂದೇ ಎಣಿಸಲ್ಪಡುತ್ತಿದೆ. 2020ರ ನಿಯಮಗಳು ಮಾರಾಟಗಾರನು ಗ್ರಾಹಕನ ವೇಷದಲ್ಲಿ ಅಭಿಪ್ರಾಯ ಬರೆಯುವುದನ್ನು ನಿಷೇಧಿಸುತ್ತವೆ. 2022ರ ನವೆಂಬರಿನಲ್ಲಿ ಭಾರತೀಯ ಮಾನಕ ಬ್ಯೂರೋ ಇಂತಹ ಅಭಿಪ್ರಾಯಗಳಿಗಾಗಿಯೇ ಐ.ಎಸ್. 19000 ಎಂಬ ಮಾನದಂಡವನ್ನು ಹೊರತಂದಿದೆ. ಕಾನೂನು ಬರುವುದಕ್ಕೆ ಬಹಳ ಹಿಂದೆಯೇ ಇದಕ್ಕೆ ಹೆಸರಿತ್ತು. ಸುಳ್ಳು ಬರೆಹವು ಕೂಟಲೇಖಕ್ರಿಯೆ; ಅದೂ ಸತ್ಯಾಣುವ್ರತದ ಅತಿಚಾರಗಳಲ್ಲೊಂದು. ಬಂಧುಗಳ ಸುಳ್ಳು ಹೊಗಳಿಕೆಯಿಂದ ಮೇಲೇರಿದವನು, ಬಂಧುಗಳಿಲ್ಲದ ಇನ್ನೊಬ್ಬ ಹೊಸಬನನ್ನು ಕೆಳಗೆ ತಳ್ಳಿಯೇ ಏರುತ್ತಾನೆ. ಉಟ್ಟ ಸೀರೆಯನ್ನು ದೋಷವಿದೆಯೆಂದು ಮರಳಿಸುವ ಗ್ರಾಹಕರೂ ಇದ್ದಾರೆ. ದೊಡ್ಡ ಅಂಗಡಿಗೆ ಅದು ಲೆಕ್ಕಕ್ಕೆ ಬಾರದು; ಮೂರು ಸೀರೆ ಮಾರಿದ ನೇಕಾರಳಿಗೆ ಅದು ಮೂರರಲ್ಲಿ ಒಂದು.

ಇದಕ್ಕೆ ಬದಲಾಗಿ ಮಾಡಬಹುದಾದುದು ಅತ್ಯಲ್ಪ, ಆದರೆ ಸಾರ್ಥಕ. ಹೊಸಬನಿಂದ ಒಂದು ಸಣ್ಣ ವಸ್ತುವನ್ನು ಕೊಂಡು, ಬಂದುದನ್ನು ಬಂದಂತೆ ಎರಡು ಸಾಲಿನಲ್ಲಿ ಬರೆಯುವುದು. ಚೆನ್ನಾಗಿದ್ದರೆ ಚೆನ್ನಾಗಿದೆ, ತಡವಾದರೆ ತಡವಾಯಿತು. ಅವನಿಗೆ ದೊರೆಯುವ ಮೊದಲ ಪ್ರಾಮಾಣಿಕ ಸಾಕ್ಷ್ಯವು ಹಿಂದಿನ ಕಾಲದ ಹಿರಿಯನ ಜಾಮೀನಿಗೆ ಸಮಾನ. ಹಿಂದೆ ಅದು ಬಂಧುವಿಗೆ ಮಾತ್ರ ದೊರೆಯುತ್ತಿತ್ತು. ಈಗ ಎಂದೂ ಕಾಣದವನಿಗೂ ಕೊಡಬಹುದು.

ಬಸದಿಗಳ ಟ್ರಸ್ಟುಗಳ ವಿಷಯದಲ್ಲಿ ಇನ್ನೊಂದು ವಿವೇಚನೆ ಬೇಕು. ಟ್ರಸ್ಟಿನ ಹಣವು ಪರರು ಒಪ್ಪಿಸಿದ ನ್ಯಾಸ. ಅದನ್ನು ಇಟ್ಟುಕೊಂಡು ಔದಾರ್ಯ ತೋರಲು ಧರ್ಮದರ್ಶಿಗಳಿಗೆ ಅಧಿಕಾರವಿಲ್ಲ. ಹಾಗೆಂದು ಪರಿಚಿತ ಅಂಗಡಿಯೊಂದರಿಂದಲೇ ಸದಾ ಕೊಳ್ಳುವುದೂ ನಿರ್ದೋಷವಲ್ಲ. ಪರಿಚಯದ ಹಿಂದೆ ಬೆಲೆಯೂ ಪಕ್ಷಪಾತವೂ ಅಡಗಿರಬಹುದು. ಮಹೋತ್ಸವಕ್ಕೆ ಬೇಕಾದ ವಸ್ತುಗಳಲ್ಲಿ ಒಂದು ಸಣ್ಣ ಪಾಲನ್ನು ಹೊಸ ವರ್ತಕನಿಗೆ ವಹಿಸಿ, ಸರಕನ್ನು ತೂಗಿ ನೋಡಿ, ಹಣವನ್ನು ವಿಳಂಬವಿಲ್ಲದೆ ಸಂದಾಯ ಮಾಡಿದರೆ ನ್ಯಾಸಕ್ಕೂ ಕುಂದಿಲ್ಲ, ಹೊಸಬನಿಗೂ ದಾರಿಯಾಗುತ್ತದೆ.

ನಂಬುವುದು ಕುರುಡುತನವಾಗಬೇಕಾಗಿಲ್ಲ, ಪರೀಕ್ಷಿಸುವುದು ಕ್ರೌರ್ಯವಾಗಬೇಕಾಗಿಲ್ಲ. ತಕ್ಕಡಿಯ ಎರಡು ತಟ್ಟೆಗಳಲ್ಲಿ ಕೊಳ್ಳುವವನ ಭಯವೂ ಮಾರುವವನ ಸಂಕಟವೂ ಇವೆ. ತಕ್ಕಡಿಯನ್ನು ಹಿಡಿದವನು ಪೇಟೆಯನ್ನು ನಡೆಸುವವನು. ಅವನ ಕೈ ನಡುಗದಿರುವುದು ಮೊದಲ ಅಗತ್ಯ. ಇಷ್ಟಾದರೆ ಇಳಕಲ್ಲಿನ ಆ ನೇಕಾರಳು ತನ್ನ ಮೊದಲ ಸೀರೆಯನ್ನು ಮಡಿಸಿ ಕಟ್ಟಿ ಕಳುಹಿಸುವ ದಿನ, ಬೇರೆ ಯಾರೋ ಮಾಡಿದ ಸಾಲದ ಬಡ್ಡಿಯನ್ನು ಅವಳು ತೆರಬೇಕಾಗುವುದಿಲ್ಲ. ಅವಳ ನೇಯ್ಗೆಯೇ ಅವಳ ಪರವಾಗಿ ಮಾತನಾಡಲು ಅವಕಾಶ ದೊರೆಯುತ್ತದೆ.